ಗಡಿಗೆಯ ಗೋಡೆ ಮತ್ತು ಜೀವಕೋಶದ ಪೊರೆ : ಅಭಿಸರಣದ ಚರಿತ್ರೆಯಿಂದ ಒಂದು ವಿಚಾರ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯು ಪಾಳೆಯಗಾರರ ಕೋಟೆಯಿಂದಲೂ, ಕರಡಿಗಳಿಗೆ ನೆಲೆಯಾದ ಬಂಡೆಗುಡ್ಡಗಳಿಂದಲೂ ಹೆಸರಾದ ಊರು. ಸುತ್ತಣ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆದ್ದಲು. ಬೇಸಗೆಯಲ್ಲಿ ಅಂತಹ ಊರಿನ ಮನೆಯಲ್ಲಿಟ್ಟ ಮಣ್ಣಿನ ಗಡಿಗೆಯ ಹೊರಮೈ ಒದ್ದೆಯಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಗೋಡೆಯನ್ನು ದಾಟಿ ಹೊರಕ್ಕೆ ಬಂದಿದೆ. ಹೊಲದ ಪೈರಿನ ಬೇರಿಗೆ ನೀರು ಹೋಗುವುದೂ ಗೋಡೆಗಳನ್ನು ದಾಟಿಯೇ. ಈ ಎರಡು ದಾಟುವಿಕೆಗಳು ಒಂದೇ ಬಗೆಯವೇ? ಒಂದೇ ಅಲ್ಲವಾದರೆ ವ್ಯತ್ಯಾಸವೇನು? ಈ ಪ್ರಶ್ನೆಗೆ ಉತ್ತರ ದೊರೆಯಲು ಯೂರೋಪಿನ ವಿದ್ವಾಂಸರಿಗೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ಅದರ ಚರಿತ್ರೆಯನ್ನು ಅರಿಯದೆ ಶಾಲೆಯಲ್ಲಿ ಅಭಿಸರಣದ ಪ್ರಯೋಗಗಳನ್ನು ಮಾಡಿಸಿದರೆ ವಿದ್ಯಾರ್ಥಿಗೆ ಅರ್ಧ ಸತ್ಯ ಮಾತ್ರ ದಕ್ಕುವುದೆಂಬುದು ಈ ಲೇಖನದ ಅಭಿಪ್ರಾಯ.

ಶಾಲೆಗಳಲ್ಲಿ ರೂಢಿಗೆ ಬಂದ ಪ್ರಯೋಗಗಳು ಮುಖ್ಯವಾಗಿ ನಾಲ್ಕು. ಒಣದ್ರಾಕ್ಷಿಯನ್ನು ನೀರಿನಲ್ಲಿಟ್ಟರೆ ಉಬ್ಬುವುದು. ಆಮ್ಲದಲ್ಲಿ ಚಿಪ್ಪು ಕರಗಿಸಿದ ಕೋಳಿಮೊಟ್ಟೆ ನೀರಿನಲ್ಲಿ ಹಿಗ್ಗಿ, ಗಟ್ಟಿಯಾದ ಉಪ್ಪುನೀರಿನಲ್ಲಿ ಕುಗ್ಗುವುದು. ಆಲೂಗಡ್ಡೆಯನ್ನು ಬಟ್ಟಲಿನಂತೆ ಕೊರೆದು, ಒಳಗೆ ಸಕ್ಕರೆ ಹಾಕಿ, ನೀರಿನ ತಟ್ಟೆಯಲ್ಲಿಟ್ಟರೆ ಬಟ್ಟಲಿನಲ್ಲಿ ನೀರು ಕೂಡುವುದು. ರಿಯೋ ಎಂಬ ಅಲಂಕಾರದ ಗಿಡದ ಎಲೆಯ ಕೆಳಮೈಯ ನೇರಳೆ ಸಿಪ್ಪೆಯನ್ನು ಉಪ್ಪುನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಣ್ಣದ ಒಡಲು ಕೋಶದ ಗೋಡೆಯನ್ನು ಬಿಟ್ಟು ನಡುವೆ ಮುದುಡುವುದು. ಈ ನಾಲ್ಕೂ ಒಂದೇ ತತ್ತ್ವವನ್ನು ಸಾಧಿಸುವುವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಗ್ರಂಥಸಂಪಾದಕನು ಯಾವ ಓಲೆಪ್ರತಿ ಯಾವ ಪಾಠಕ್ಕೆ ಆಧಾರವೆಂದು ಬೇರೆಬೇರೆಯಾಗಿ ವಿಚಾರಿಸುವಂತೆ, ಯಾವ ಪ್ರಯೋಗ ಯಾವ ಮಾತಿಗೆ ಸಾಕ್ಷಿಯೆಂಬುದನ್ನು ಇಲ್ಲಿಯೂ ವಿಚಾರಿಸಬೇಕು.

ಚರಿತ್ರೆಯ ಮೊದಲ ಸಾಕ್ಷಿ ಕ್ರಿ. ಶ. 1748ರದು. ಫ್ರಾನ್ಸಿನ ನೊಲೆ ಎಂಬ ಪಾದ್ರಿ ದ್ರಾಕ್ಷಾಸಾರವನ್ನು ಒಂದು ಸೀಸೆಯಲ್ಲಿ ತುಂಬಿ, ಬಾಯಿಗೆ ಪ್ರಾಣಿಯ ಮೂತ್ರಕೋಶದ ತೊಗಲನ್ನು ಬಿಗಿದು, ಗಾಳಿ ತಾಗದಿರಲೆಂದು ನೀರಿನಲ್ಲಿ ಮುಳುಗಿಸಿಟ್ಟಿದ್ದನು. ಕೆಲವು ಗಂಟೆಗಳ ಮೇಲೆ ನೋಡಲಾಗಿ ತೊಗಲು ಮೇಲಕ್ಕೆ ಉಬ್ಬಿತ್ತು. ಸೂಜಿಯಿಂದ ಚುಚ್ಚಲು ದ್ರವವು ಚಿಮ್ಮಿತು. ಆತನು ಹುಡುಕುತ್ತಿದ್ದುದು ಬೇರೊಂದು, ಕಂಡದ್ದು ಇದು. ಸೀಸೆಯೊಳಗೆ ನೀರು, ಹೊರಗೆ ಸಾರಾಯಿ ಇಟ್ಟು ಮತ್ತೆ ನೋಡಿದಾಗ ತೊಗಲು ಒಳಕ್ಕೆ ತಗ್ಗಿತು. ತೊಗಲು ಸಾರಾಯಿಗಿಂತ ನೀರಿಗೆ ಹೆಚ್ಚಾಗಿ ದಾರಿ ಕೊಡುತ್ತದೆಂದು ಆತನು ನಿರ್ಣಯಿಸಿದನು. ನಮ್ಮ ತರಗತಿಯ ಮೊಟ್ಟೆಯು ಈ ಪ್ರಯೋಗದ ಸಂತತಿ. ಚಿಪ್ಪಿನ ಕೆಳಗಿನ ಪೊರೆ ಜೀವಕೋಶದ ಪೊರೆಯಲ್ಲ, ನೊಲೆಯ ತೊಗಲಿನಂತೆ ಅದೊಂದು ಹೊದಿಕೆ. ಆದುದರಿಂದ ಮೊಟ್ಟೆಯು ಪೊರೆಯ ವಿಷಯದಲ್ಲಿ ಸಾಕ್ಷಿಯೇ ಹೊರತು ಜೀವಕೋಶದ ವಿಷಯದಲ್ಲಿ ಅಲ್ಲ. ಒಣಗಿ ಸತ್ತ ದ್ರಾಕ್ಷಿಯ ಮಾತೂ ಹಾಗೆಯೇ.

ಈ ಸಂಗತಿಯನ್ನು ಸಸ್ಯಗಳ ಮತ್ತು ಪ್ರಾಣಿಗಳ ಬದುಕಿಗೆ ಹೊಂದಿಸಿದವನು ದ್ಯುತ್ರೋಶೆ. 1826ರಿಂದ ಮುಂದೆ ಆತನು ದ್ರವದ ಒಳಸರಿವಿಗೂ ಹೊರಸರಿವಿಗೂ ಬೇರೆಬೇರೆ ಹೆಸರಿಟ್ಟು, ಅವುಗಳನ್ನು ಅಳೆಯುವ ಉಪಕರಣವನ್ನು ಕಲ್ಪಿಸಿದನು. ಆದರೆ ಕಾರಣವನ್ನು ಹೇಳಹೋಗಿ ವಿದ್ಯುತ್ತನ್ನು ತಂದನು. ಕಂಡದ್ದು ನಿಜ, ಕಟ್ಟಿದ ಕಾರಣ ತಪ್ಪು. ಎರಡು ಹೆಸರುಗಳನ್ನು ಒಂದಾಗಿ ಕೂಡಿಸಿದವನು 1854ರಲ್ಲಿ ಥಾಮಸ್ ಗ್ರಹಾಂ.

ಇನ್ನು ಗಡಿಗೆಯ ಮಾತು. 1867ರಲ್ಲಿ ಟ್ರೌಬೆ ಎಂಬ ಜರ್ಮನ್ ವಿದ್ವಾಂಸನು ಎರಡು ಲವಣದ್ರಾವಣಗಳು ಕೂಡುವೆಡೆಯಲ್ಲಿ ತೆಳುವಾದ ಕೃತಕ ಪೊರೆ ಹುಟ್ಟುವುದನ್ನು ತೋರಿಸಿದನು. ಆ ಪೊರೆ ಬಹು ದುರ್ಬಲ. ಫೆಫರನು ಮೆರುಗಿಲ್ಲದ ಮಣ್ಣಿನ ಪಾತ್ರೆಯನ್ನು ತೆಗೆದುಕೊಂಡು, ಅದರ ಗೋಡೆಯ ರಂಧ್ರಗಳಲ್ಲಿಯೇ ತಾಮ್ರದ ಫೆರೋಸಯನೈಡಿನ ಪೊರೆಯನ್ನು ಕೂರಿಸಿದನು. ಬರಿಯ ಮಣ್ಣಿನ ಗೋಡೆ ನೀರನ್ನೂ ಬಿಡುತ್ತದೆ, ಕರಗಿದ ಸಕ್ಕರೆಯನ್ನೂ ಬಿಡುತ್ತದೆ. ಅದು ಬರಿಯ ಜಿನುಗು. ಪೊರೆ ಕೂತ ಗೋಡೆಯಾದರೋ ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುತ್ತದೆ, ಅಲ್ಲಿ ಅಭಿಸರಣವುಂಟು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಫೆಫರನು 1877ರಲ್ಲಿ ಪ್ರಕಟಿಸಿದ ಅಳತೆಗಳಂತೆ, ನೂರಕ್ಕೆ 1 ಪಾಲು ಸಕ್ಕರೆಯಿದ್ದ ದ್ರಾವಣದ ಒತ್ತಡ 53.5 ಸೆಂಟಿಮೀಟರು ಪಾದರಸ. 2 ಪಾಲಿಗೆ 101.6, 4 ಪಾಲಿಗೆ 208.2, 6 ಪಾಲಿಗೆ 307.5. ಸಕ್ಕರೆ ಹೆಚ್ಚಿದಂತೆ ಒತ್ತಡವೂ ಸರಿಸುಮಾರು ಅದೇ ಪ್ರಮಾಣದಲ್ಲಿ ಹೆಚ್ಚಿತು.

ಜೀವಂತ ಕೋಶವನ್ನೇ ಅಳತೆಗೋಲಾಗಿ ಮಾಡಿಕೊಂಡವನು ಹಾಲೆಂಡಿನ ಡಿ ವ್ರೀಸ್. ಯಾವ ಹದದ ದ್ರಾವಣದಲ್ಲಿ ಕೋಶದ ಒಡಲು ಗೋಡೆಯನ್ನು ಬಿಡತೊಡಗುವುದೋ ಅದನ್ನು ಗುರುತಿಸಿ, ಬೇರೆಬೇರೆ ದ್ರಾವಣಗಳ ಸಮಬಲವನ್ನು 1884ರಲ್ಲಿ ನಿರೂಪಿಸಿದನು. ಆತನು ಬಳಸಿದ ಗಿಡಗಳಲ್ಲಿ ಒಂದು ನಮ್ಮ ಶಾಲೆಗಳ ರಿಯೋ ಗಿಡವೇ ಎಂಬುದನ್ನು ಉಪಾಧ್ಯಾಯರು ನೆನೆಯಬೇಕು. ಫೆಫರನ ಅಳತೆಗಳನ್ನು ವ್ಯಾಂಟ್ ಹಾಫನ ಗಮನಕ್ಕೆ ತಂದವನೂ ಈತನೇ. ವ್ಯಾಂಟ್ ಹಾಫನು ಅವುಗಳಿಂದ ದ್ರಾವಣಗಳ ಒತ್ತಡದ ನಿಯಮವನ್ನು ಸಾಧಿಸಿ, 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವನ್ನು ಪಡೆದನು.

ಈಗ ಆಲೂಗಡ್ಡೆಯ ಬಟ್ಟಲನ್ನು ನೋಡೋಣ. ಹಸಿಯ ಬಟ್ಟಲಿನ ಜೊತೆಗೆ, ಸಕ್ಕರೆ ಹಾಕದ ಒಂದನ್ನೂ ಬೇಯಿಸಿ ಸಕ್ಕರೆ ಹಾಕಿದ ಒಂದನ್ನೂ ಇಡಬೇಕು. ಸಕ್ಕರೆಯಿಲ್ಲದ ಬಟ್ಟಲಿನಲ್ಲಿಯೂ ಬೆಂದ ಬಟ್ಟಲಿನಲ್ಲಿಯೂ ನೀರು ಹಸಿಯದರಂತೆ ಕೂಡುವುದಿಲ್ಲ. ಇದನ್ನು ಕಂಡ ಹುಡುಗನು, “ಬೇಯಿಸಿದ್ದರಿಂದ ಜೀವ ಹೋಯಿತು, ನೀರನ್ನು ಎಳೆಯುತ್ತಿದ್ದುದು ಜೀವಶಕ್ತಿ” ಎಂದು ತಿಳಿಯುವುದು ಸಹಜ. ಅಪಾಯವಿರುವುದು ಇಲ್ಲಿಯೇ. ಫೆಫರನ ಪಾತ್ರೆಯಲ್ಲಿ ಜೀವವಿರಲಿಲ್ಲ, ಆದರೂ ನೀರು ಏರಿತು. ಬೇಯಿಸಿದಾಗ ಕೆಟ್ಟದ್ದು ಆರಿಸಿ ದಾರಿ ಕೊಡುವ ಪೊರೆ. ಅದು ಕೆಡಲು ಕೋಶವು ಬರಿಯ ಗಡಿಗೆಯಾಗುತ್ತದೆ. ಬೆಂದ ಆಲೂಗಡ್ಡೆಯ ಸಾಕ್ಷಿಯನ್ನೂ ಮಣ್ಣಿನ ಪಾತ್ರೆಯ ಸಾಕ್ಷಿಯನ್ನೂ ಒಟ್ಟಿಗೆ ಕೇಳಿದರೆ ಮಾತ್ರ ನ್ಯಾಯ ತೀರುವುದು.

ಪಾರಿಭಾಷಿಕ ಪದದ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಅಭಿಸರಣವೆಂದರೆ ಎದುರಾಗಿ ಸರಿಯುವುದು. ಸಾಹಿತ್ಯದ ಅಧ್ಯಾಪಕರಿಗೆ ಒಡನೆಯೆ ಅಭಿಸಾರಿಕೆಯ ನೆನಪಾಗುವುದು. ಅವಳು ಒಂದೇ ದಿಕ್ಕಿಗೆ, ಬಯಸಿ ಹೋಗುವಳು. ನೀರಿಗೆ ಬಯಕೆಯಿಲ್ಲ, ಅದು ಪೊರೆಯ ಎರಡು ಕಡೆಗೂ ಹಾಯುತ್ತಿರುತ್ತದೆ, ಒಂದು ಕಡೆಗೆ ಹೋಗುವುದು ಹೆಚ್ಚಾದುದರಿಂದ ಉಬ್ಬುವಿಕೆ ಕಾಣುತ್ತದೆ. ಪದವು ಸೊಗಸಾದುದು, ಪ್ರಯೋಗವನ್ನು ಕಂಡ ಮೇಲೆ ಹೇಳಿದರೆ ಪ್ರಯೋಜನಕರ, ಮೊದಲೇ ಹೇಳಿದರೆ ದಾರಿ ತಪ್ಪಿಸೀತು.

ಸಾಹಿತ್ಯವನ್ನೂ ವಿಜ್ಞಾನವನ್ನೂ ಹೀಗೆ ಒಂದೇ ವಿಚಾರದ ಒರೆಗಲ್ಲಿಗೆ ಹಚ್ಚುವುದು ಕನ್ನಡಕ್ಕೆ ಹೊಸದಲ್ಲ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಪಂಪಭಾರತದ ಪರಿಷ್ಕರಣಕ್ಕೂ ಕೈಹಾಕಿದರು. ಪತ್ರಿಕೆ ಎರಡು ವರ್ಷಗಳಷ್ಟೇ ನಡೆಯಿತು. ಅದು ಹೊರಟುದು ಮೈಸೂರು ಸಂಸ್ಥಾನದಲ್ಲಿ. ಗುಡೇಕೋಟೆಯಾದರೋ ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆ ಸೀಮೆ ಮೈಸೂರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು.

ಇದೇ ವಿಚಾರವು 20ನೆಯ ಶತಮಾನದ ಕೊನೆಯಲ್ಲಿ ಮತ್ತೊಮ್ಮೆ ಫಲಿಸಿತು. ಕೆಂಪು ರಕ್ತಕಣದ ಪೊರೆಯಲ್ಲಿ ಕಂಡ ಒಂದು ಪ್ರೋಟೀನು ನೀರಿನ ಹಾದಿಯೆಂದು ಅಮೆರಿಕದ ಪೀಟರ್ ಆಗ್ರೆ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಆ ಪ್ರೋಟೀನನ್ನು ಹೊಂದಿದ ಕಪ್ಪೆಯ ಅಂಡಕೋಶವನ್ನು ತೆಳುವಾದ ದ್ರಾವಣದಲ್ಲಿಡಲು ಅದು ಬೇಗನೆ ಹಿಗ್ಗಿ ಒಡೆಯಿತು. ಅದಿಲ್ಲದ ಕೋಶ ಒಡೆಯಲಿಲ್ಲ. 2003ರ ನೊಬೆಲ್ ಪಾರಿತೋಷಕದಲ್ಲಿ ಆಗ್ರೆಗೆ ಪಾಲು ತಂದ ಈ ಪ್ರಯೋಗವೂ, ಬೆಂದ ಮತ್ತು ಹಸಿಯ ಬಟ್ಟಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ವಿಧಾನವೂ ಒಂದೇ ವಂಶದವು.

ತುಂಗಭದ್ರೆಯ ಅಚ್ಚುಕಟ್ಟಿನ ಕೆಲವು ನೆಲಗಳು ಸವಳಾಗಿರುವುದನ್ನು ಬಳ್ಳಾರಿ ಸೀಮೆಯ ರೈತರು ಬಲ್ಲರು. ಅಲ್ಲಿ ಮಣ್ಣು ಹಸಿಯಾಗಿದ್ದರೂ ಪೈರು ಬಾಡುವುದುಂಟು. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಾಗ ಬೇರಿನ ಕೋಶಕ್ಕೆ ಆ ನೀರು ದಕ್ಕುವುದು ದುಸ್ತರ. ತರಗತಿಯಲ್ಲಿ ರಿಯೋ ಎಲೆಯ ಕೋಶ ಮುದುಡಿದುದನ್ನು ಕಣ್ಣಾರೆ ಕಂಡ ಹುಡುಗನು ಅಂತಹ ಹೊಲದ ಬದುವಿನ ಮೇಲೆ ನಿಂತಾಗ, ನೀರಿದ್ದೂ ಬಾಯಾರಿದ ಪೈರನ್ನು ಅರ್ಥಮಾಡಿಕೊಳ್ಳಬಲ್ಲನು. ಪಾಠವು ಅಲ್ಲಿಯವರೆಗೆ ಹೋದರೆ ಉಪಾಧ್ಯಾಯರ ಶ್ರಮ ಸಾರ್ಥಕವಾಗುವುದು.