ಮಂಗನ ಕಾಯಿಲೆಯ ಸೂಜಿ: ಮಲೆನಾಡಿನ ತೋಳುನೋವಿನ ಚರಿತ್ರೆ



ನಮ್ಮ ಶಿವಮೊಗ್ಗ ಜಿಲ್ಲೆಯ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿಕೊಂಡದ್ದು ಜೋಗದ ಜಲಪಾತದಿಂದಲೂ ಅಲ್ಲ, ಭದ್ರಾವತಿಯ ಕಬ್ಬಿಣದಿಂದಲೂ ಅಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಕಾಡಿನಿಂದ. ೧೯೫೭ರ ಬೇಸಗೆಯಲ್ಲಿ ಅಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಅದೇ ಸಮಯದಲ್ಲಿ ಕಾಡಂಚಿನ ಹಳ್ಳಿಗಳ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಒಸರಿತು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೆಂಬ ಭೀತಿ ಮೊದಲಿಗೆ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಪರೀಕ್ಷಿಸಿ, ಇದು ರಷ್ಯಾದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ ಸಮೀಪ ಬಂಧುವಾದ ಹೊಸದೊಂದು ವೈರಸ್ ಎಂದು ತೋರಿಸಿಕೊಟ್ಟರು. ರೋಗವನ್ನು ಹರಡುವುದು ನಾವು ಉಣುಗು ಅಥವಾ ಉಣ್ಣೆ ಎಂದು ಕರೆಯುವ ಕ್ಷುದ್ರಜೀವಿ. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಶಾಸ್ತ್ರವು ಹೆಸರಿಟ್ಟಿತು. ಮಂಗನ ಕಾಯಿಲೆ ಎಂದು ಜನ ಕರೆದರು.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಉಣುಗಿನ ಮಾತೆತ್ತಿದರೆ ನೆನಪಾಗುವುದು ಲೈಮ್ ಕಾಯಿಲೆ. ಅದಕ್ಕೂ ಊರಿನದೇ ಹೆಸರು. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಮಕ್ಕಳಲ್ಲಿ ಕೀಲುನೋವು ವಿಪರೀತವಾಗಿರುವುದನ್ನು ೧೯೭೫ರಲ್ಲಿ ಅಲ್ಲಿನ ತಾಯಂದಿರು ಗಮನಿಸಿ, ವೈದ್ಯರ ಗಮನಕ್ಕೆ ತಂದರು. ವಿಲ್ಲಿ ಬರ್ಗ್‌ಡಾರ್ಫರ್ ಉಣುಗಿನ ಹೊಟ್ಟೆಯಲ್ಲಿ ಕಂಡ ಸುರುಳಿಯಾಕಾರದ ಬ್ಯಾಕ್ಟೀರಿಯವೇ ಅದರ ಮೂಲವೆಂಬುದು ೧೯೮೨ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯವಾದುದರಿಂದ ಆ್ಯಂಟಿಬಯಾಟಿಕ್ ಅದಕ್ಕೆ ನಾಟುತ್ತದೆ. ಬಹುತೇಕ ರೋಗಿಗಳಿಗೆ ಮಾತ್ರೆಗಳೇ ಸಾಕು. ನರಮಂಡಲಕ್ಕೋ ಹೃದಯಕ್ಕೋ ರೋಗ ಇಳಿದಾಗ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಬೇಕಾಗಬಹುದು. ನಮ್ಮ ಮಂಗನ ಕಾಯಿಲೆಯದು ವೈರಸ್. ಅದಕ್ಕೆ ಆ್ಯಂಟಿಬಯಾಟಿಕ್ ನಾಟದು. ಆದುದರಿಂದ ಅಲ್ಲಿ ಸೂಜಿ ಬಂದುದು ರೋಗ ತಗುಲಿದ ಮೇಲೆ, ಮದ್ದಾಗಿ. ಇಲ್ಲಿ ಬಂದುದು ರೋಗ ತಗುಲುವ ಮುನ್ನ, ಲಸಿಕೆಯಾಗಿ. ಎರಡೂ ಕಡೆ ಜನ ಎದುರಿಸಿದ ಪ್ರಶ್ನೆ ಮಾತ್ರ ಒಂದೇ: ಗುಣಮಾಡಬೇಕಾದ ಸೂಜಿಯೇ ನೋವು ಕೊಟ್ಟರೆ ಅದನ್ನು ಸಹಿಸಿಕೊಳ್ಳುವುದು ಹೇಗೆ?

ನಮ್ಮ ಲಸಿಕೆಯ ಕಥೆ ಸೋಲಿನಿಂದಲೇ ಆರಂಭವಾಗುತ್ತದೆ. ವೈರಸ್‌ಗಳ ಸಾಮ್ಯವನ್ನು ನಂಬಿ, ರಷ್ಯಾದ ಮಿದುಳುಜ್ವರದ ವಿರುದ್ಧ ಇಲಿಯ ಮಿದುಳಿನಿಂದ ತಯಾರಿಸಿದ್ದ ಲಸಿಕೆಯನ್ನು ನಮ್ಮ ಹಳ್ಳಿಗರಿಗೆ ಕೊಟ್ಟು ನೋಡಲಾಯಿತು. ಅದು ರಕ್ಷಣೆ ನೀಡಲಿಲ್ಲ. ಮುಂದೆ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿ ಹೊಸ ಲಸಿಕೆಯನ್ನು ಸಿದ್ಧಪಡಿಸಲಾಯಿತು. ೧೯೯೦ರಿಂದ ೧೯೯೨ರವರೆಗೆ ಕರ್ನಾಟಕದಲ್ಲಿ ನಡೆದ ಕ್ಷೇತ್ರಪರೀಕ್ಷೆಯಲ್ಲಿ ಒಂದು ಡೋಸಿಗೆ ಶೇಕಡಾ ೭೯.೩, ಎರಡು ಡೋಸಿಗೆ ಶೇಕಡಾ ೯೩.೫ರಷ್ಟು ರಕ್ಷಣೆ ಕಂಡುಬಂದಿತು. ಮಲೆನಾಡಿಗೆ ಅದೊಂದು ಮಹದುಪಕಾರದಂತೆ ತೋರಿತು.

ಆದರೆ ಈ ಸೂಜಿಗೆ ಎರಡು ದೋಷಗಳಿದ್ದವು. ಒಂದು, ಅದರ ರಕ್ಷಣೆ ಬಹುಕಾಲ ನಿಲ್ಲುತ್ತಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ರೋಗದ ಸುಳಿವು ಆ ಪ್ರದೇಶದಲ್ಲಿ ಅಳಿಯುವವರೆಗೆ ವರ್ಷವರ್ಷವೂ ಒಂದೊಂದು. ಎರಡನೆಯ ದೋಷ ನೋವು. ಚುಚ್ಚಿದ ಜಾಗದ ನೋವಿಗೆ ಹೆದರಿ ಮುಂದಿನ ಡೋಸಿಗೆ ಜನ ಬರುವುದಿಲ್ಲವೆಂಬುದು ಆರೋಗ್ಯ ಇಲಾಖೆಯವರಿಗೂ ಸಂಶೋಧಕರಿಗೂ ತಿಳಿದ ಸಂಗತಿಯಾಗಿತ್ತು. ಒಮ್ಮೆ ನೋವು ತಿಂದರೆ ಮುಗಿಯುವುದಾದರೆ ಯಾರಾದರೂ ಹಲ್ಲು ಕಚ್ಚಿ ಸಹಿಸಿಯಾರು. ಪ್ರತಿವರ್ಷವೂ ಅದೇ ತೋಳನ್ನು ಒಡ್ಡಬೇಕೆಂದರೆ?

ಈ ಪ್ರಶ್ನೆಯನ್ನು ಕೂಲಿ ಮಾಡುವವರ ಕಡೆಯಿಂದ ನೋಡಬೇಕು. ಲಸಿಕೆ ಕೊಡುತ್ತಿದ್ದುದು ಮಳೆಗಾಲದ ಕೊನೆಯ ಭಾಗದಲ್ಲಿ. ಏಕೆಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನ ಮರಿಗಳ ಕಾಲ, ಅದಕ್ಕೆ ಮೊದಲೇ ದೇಹ ಸಿದ್ಧವಾಗಬೇಕು. ಅಡಿಕೆ ಕೊಯ್ಲು ಆರಂಭವಾಗುವುದೂ ಅದರ ಬೆನ್ನಿಗೇ. ಮರ ಹತ್ತುವವನಿಗೆ, ಅಡಿಕೆ ಸುಲಿಯುವವಳಿಗೆ, ಬೆಟ್ಟದಿಂದ ಸೊಪ್ಪು ತರಗೆಲೆ ಹೊರುವವರಿಗೆ ತೋಳೇ ಬಂಡವಾಳ. ತೋಳು ಎರಡು ದಿನ ಏಳದಿದ್ದರೆ ಎರಡು ದಿನದ ಕೂಲಿ ಹೋಯಿತು. ರೋಗ ಬಂದೀತೆಂಬುದು ಸಂಭವ, ಕೂಲಿ ತಪ್ಪುವುದು ನಿಶ್ಚಯ. ಹೀಗೆ ಲೆಕ್ಕ ಹಾಕಿ ಹಿಂಜರಿದವರನ್ನು ಮೂಢರೆಂದು ಕರೆಯುವುದು ಸುಲಭ, ನ್ಯಾಯವಲ್ಲ. ಬಲಗೈಯಲ್ಲಿ ದುಡಿಯುವವರು ಎಡತೋಳಿಗೆ ಚುಚ್ಚಿಸಿಕೊಳ್ಳುವುದು, ಸಂತೆಯ ಅಥವಾ ಬಿಡುವಿನ ದಿನಕ್ಕೆ ಮುಂಚೆ ಶಿಬಿರ ಏರ್ಪಡಿಸುವುದು, ನೋವಿಗೆ ತಣ್ಣೀರಿನ ಬಟ್ಟೆ ಹಾಕುವುದು, ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗುವುದು, ತೋಳನ್ನು ಕಟ್ಟಿಡದೆ ಮೆಲ್ಲನೆ ಆಡಿಸುತ್ತಿರುವುದು: ಇವೆಲ್ಲ ಸಣ್ಣ ಉಪಾಯಗಳೇ. ಆದರೆ ಇಂತಹ ಸಣ್ಣ ಉಪಾಯಗಳನ್ನು ಮೊದಲೇ ಹೇಳಿಕೊಡುವ ಆರೋಗ್ಯ ಕಾರ್ಯಕರ್ತೆಯ ಮಾತಿಗೆ, "ಏನೂ ಆಗುವುದಿಲ್ಲ, ಇರುವೆ ಕಚ್ಚಿದಂತೆ" ಎಂಬ ಸುಳ್ಳು ಸಮಾಧಾನಕ್ಕಿಂತ ಹೆಚ್ಚು ಬೆಲೆ. ಇರುವೆ ಎಂದು ನಂಬಿ ಬಂದವನು ಚೇಳಿನ ಅನುಭವ ಪಡೆದರೆ ಮರುವರ್ಷ ಬರುವುದಿಲ್ಲ. ತರಗತಿಯಲ್ಲಿ ಮಕ್ಕಳೊಡನೆ ಆಯುಷ್ಯ ಕಳೆದ ನನಗೆ ಇದನ್ನು ತಿಳಿಯಲು ವೈದ್ಯಶಾಸ್ತ್ರ ಬೇಕಾಗಲಿಲ್ಲ.

ಪರಿಣಾಮವು ಅಂಕಿಗಳಲ್ಲಿಯೇ ಕಾಣಿಸಿತು. ೨೦೦೫ರಿಂದ ೨೦೧೦ರವರೆಗಿನ ಅವಧಿಯನ್ನು ಕುರಿತ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ಎರಡು ಡೋಸುಗಳ ರಕ್ಷಣೆ ಶೇಕಡಾ ೬೨.೪ಕ್ಕೆ ಇಳಿದಿತ್ತು, ಬೂಸ್ಟರ್ ಕೂಡ ಪಡೆದವರಲ್ಲಿ ಅದು ಶೇಕಡಾ ೮೨.೯. ಅಂದರೆ ಯಾವ ಮೂರನೆಯ ಸೂಜಿಯನ್ನು ಜನ ತಪ್ಪಿಸಿಕೊಳ್ಳುತ್ತಿದ್ದರೋ ಅದರಲ್ಲಿಯೇ ಹೆಚ್ಚಿನ ಬಲವಿತ್ತು. ಈ ನಡುವೆ ಕಾಯಿಲೆಯು ಕ್ಯಾಸನೂರನ್ನು ದಾಟಿ ಬಂಡೀಪುರ, ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳವರೆಗೂ ತಲುಪಿತು. ೨೦೧೮ರ ಕೊನೆಯಿಂದ ೨೦೧೯ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಹಲವು ಜೀವಗಳನ್ನು ಕಳೆದುಕೊಂಡಿತು. ಕೊನೆಗೆ, ಸಾಮರ್ಥ್ಯದ ಪರೀಕ್ಷೆಯಲ್ಲಿ ಲಸಿಕೆ ಉತ್ತೀರ್ಣವಾಗದ ಕಾರಣ ೨೦೨೨ರಲ್ಲಿ ಅದರ ತಯಾರಿಕೆ ಮತ್ತು ಬಳಕೆ ನಿಂತುಹೋಯಿತು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೂ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡವು.

ಇನ್ನು ಆ್ಯಂಟಿಬಯಾಟಿಕ್ ಸೂಜಿಯ ವಿಷಯ. ಲೈಮ್ ಕಾಯಿಲೆಯ ಬ್ಯಾಕ್ಟೀರಿಯಕ್ಕೆ ನಮ್ಮ ಗದ್ದೆ ತೋಟಗಳಲ್ಲಿ ಒಬ್ಬ ದಾಯಾದಿಯಿದ್ದಾನೆ: ಇಲಿಜ್ವರವನ್ನು ತರುವ ಲೆಪ್ಟೊಸ್ಪೈರ. ಅದೂ ಸುರುಳಿಯಾಕಾರದ್ದೇ. ತೀವ್ರವಾದ ಇಲಿಜ್ವರಕ್ಕೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಚುಚ್ಚುತ್ತಾರೆ. ಮೊದಲ ಡೋಸು ಬಿದ್ದ ಕೆಲವೇ ಗಂಟೆಗಳಲ್ಲಿ ಕೆಲವರಿಗೆ ಚಳಿ ನಡುಕ ಬಂದು, ಜ್ವರ ಏರಿ, ಮೈನೋವು ಇಮ್ಮಡಿಸುವುದುಂಟು. ಸಾಯುತ್ತಿರುವ ಬ್ಯಾಕ್ಟೀರಿಯಗಳ ಅಂಶಗಳಿಗೆ ದೇಹ ತೋರುವ ಪ್ರತಿಕ್ರಿಯೆಯಿದು. ಸಿಫಿಲಿಸ್ ರೋಗಿಗಳಲ್ಲಿ ಇದನ್ನು ಮೊದಲು ವರ್ಣಿಸಿದ ವೈದ್ಯರ ಹೆಸರುಗಳಿಂದ ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂದು ಕರೆಯುತ್ತಾರೆ. ಲೈಮ್ ರೋಗಿಗಳಲ್ಲಿಯೂ ಇದು ಕಾಣಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. "ಸೂಜಿಯಿಂದಲೇ ಕಾಯಿಲೆ ಹೆಚ್ಚಾಯಿತು" ಎಂದು ಚಿಕಿತ್ಸೆಯನ್ನು ತಾವೇ ಬಿಟ್ಟುಬಿಡುವುದು ಅಪಾಯ, ವೈದ್ಯರಿಗೆ ತಿಳಿಸಬೇಕು. ಆದರೆ ಮೈಯೆಲ್ಲ ದದ್ದು, ತುಟಿ ಮುಖಗಳ ಊತ, ಉಸಿರಾಟದ ಕಷ್ಟ ಕಂಡರೆ ಅದು ಅಲರ್ಜಿ. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಈ ವ್ಯತ್ಯಾಸ ತಿಳಿದಿರುವುದೇ ಸಹನೆಗೆ ಆಧಾರ. ಯಾವ ನೋವನ್ನು ತಡೆದುಕೊಳ್ಳಬಹುದು, ಯಾವುದನ್ನು ತಡೆದುಕೊಳ್ಳಬಾರದು ಎಂದು ತಿಳಿಯದವನಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ.

ಶಿವಮೊಗ್ಗ ಪೇಟೆಯಲ್ಲಿ, ಭದ್ರಾವತಿಯ ಕಾಲನಿಗಳಲ್ಲಿ ಇರುವ ನಮಗೆ ಮಂಗನ ಕಾಯಿಲೆ ದೂರದ ಹಳ್ಳಿಗರ ಸಂಕಟವೆಂದೇ ತೋರುತ್ತದೆ. ಆದರೆ ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿಯತೊಡಗಿದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಕಾಗದದ ಕಾರ್ಖಾನೆ ನಡೆದದ್ದು ಇದೇ ಕಾಡುಗಳ ಬಿದಿರಿನಿಂದ. ಕಾಯಿಲೆಗೆ ಕಾರ್ಖಾನೆಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿ, ಮನುಷ್ಯನೂ ಉಣುಗೂ ಹತ್ತಿರವಾದುದು ರೋಗಕ್ಕೆ ಅನುಕೂಲವಾಯಿತೆಂದು ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ೧೯೬೯ರಲ್ಲಿಯೇ ವಿವರಿಸಿದ್ದರು. ಕಾಡಿನಿಂದ ಬದುಕು ಕಟ್ಟಿಕೊಂಡ ಪೇಟೆಯವರಿಗೆ ಕಾಡಂಚಿನವರ ತೋಳುನೋವು ಅನ್ಯರ ಸಂಗತಿಯಲ್ಲ ಎಂಬುದಷ್ಟೇ ನನ್ನ ಮಾತು.

ಹೊಸ ಲಸಿಕೆ ಬಂದಾಗ ಅದು ಎಷ್ಟು ರಕ್ಷಿಸುತ್ತದೆ ಎಂಬುದರ ಜೊತೆಗೆ ಎಷ್ಟು ನೋಯಿಸುತ್ತದೆ ಎಂಬುದನ್ನೂ ಅಳೆದು, ಜನರಿಗೆ ಮೊದಲೇ ತಿಳಿಸಲಿ. ಅಲ್ಲಿಯವರೆಗೆ ಕಾಡಿಗೆ ಹೋಗುವ ನಮ್ಮವರು ಮೈತುಂಬ ಬಟ್ಟೆ ಧರಿಸಿ, ಉಣುಗು ನಿವಾರಕ ಡೆಪಾ ತೈಲ ಹಚ್ಚಿಕೊಂಡು, ಮರಳಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆಗಳನ್ನು ಒಗೆಯಲಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಜ್ವರ ಬಂದರೆ ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಲಿ. ಊರಿನಲ್ಲಿರುವ ನಿಮ್ಮ ಹಿರಿಯರಿಗೆ ಈ ವಾರ ಫೋನು ಮಾಡುವಾಗ ಇಷ್ಟನ್ನು ನೆನಪಿಸಿದರೆ ಈ ಬರಹ ಸಾರ್ಥಕ.