‘ಹೋದೀತು’ ಎಂಬುದರ ಬುಡ: ಸಂಭಾವನಾರ್ಥಕ ರೂಪದ ಮೇಲೊಂದು ತಕರಾರು

ಶಾಲೆಯ ವ್ಯಾಕರಣಗಳಲ್ಲಿ ಸಂಭಾವನಾರ್ಥಕವನ್ನು ಬಿಡಿಸುವ ರೀತಿ ಒಂದೇ: ಮಾಡು + ಈತು = ಮಾಡೀತು; ಧಾತುವಿಗೆ ನೇರವಾಗಿ ಪ್ರತ್ಯಯ. ಕ್ರಿಯೆ ನಡೆಯುವುದರಲ್ಲಿ ಸಂಶಯ ಅಥವಾ ಊಹೆ ಎಂಬ ಅರ್ಥದ ವಿವರಣೆ ಬಹುಮಟ್ಟಿಗೆ ಒಪ್ಪತಕ್ಕದ್ದೇ, ಈ ಬಿಡಿಸುವಿಕೆ ಮಾತ್ರ ತಪ್ಪು.

ತಪ್ಪಿನ ಮೂಲ ಮಾದರಿಗೆ ಆರಿಸಿಕೊಂಡ ಕ್ರಿಯಾಪದದಲ್ಲೇ ಇದೆ. ‘ಮಾಡೀತು’ ಮಾಡು + ಈತು ಆಗಬಹುದು, ಮಾಡಿ + ಈತು ಕೂಡ ಆಗಬಹುದು. ಕಿವಿಗೆ ವ್ಯತ್ಯಾಸ ತಿಳಿಯದು. ‘ಮಾಡಿಯಾನು’, ‘ಮಾಡಿಯೇನು’ಗಳಲ್ಲಿ ನಡುವಿನ ‘ಇ’ ಎದ್ದು ಕಾಣುತ್ತದೆ. ಶಾಲೆಯ ವ್ಯಾಕರಣಗಳು ಅದನ್ನು ವಿಚಾರಿಸಲಿಲ್ಲ. ಬರು, ಕೊಡು, ಬೀಳು, ಹೋಗುಗಳನ್ನು ತೆಗೆದುಕೊಳ್ಳಿ: ಬಂದೀತು, ಕೊಟ್ಟೀತು, ಬಿದ್ದೀತು, ಹೋದೀತು. ‘ಬರೀತು’, ‘ಕೊಡೀತು’ ಎಂದು ಸಂಭಾವನೆಯಲ್ಲಿ ಕನ್ನಡಿಗರು ಹೇಳುವುದಿಲ್ಲ. ಇನ್ನೂ ನಡೆಯದ ಕೆಲಸವನ್ನು ಹೇಳಲು ಭಾಷೆ ನಡೆದುಹೋದ ಕೆಲಸದ ರೂಪಕ್ಕೇ ಕೈ ಹಾಕಿದೆ. ‘ತಿನ್ನು + ಆನು = ತಿಂದಾನು’ ಎಂದು ಬರೆದವರು ಆ ‘ದ’ಕಾರ ಎಲ್ಲಿಂದ ಬಂತೆಂದು ಹೇಳಬೇಕಿತ್ತು.

ಸ್ಪ್ಯಾನಿಷ್ ಕಲಿಯುವವರಿಗೆ ಇದು ಹೊಸದೆನಿಸದು. ಅಲ್ಲಿನ ಅಪೂರ್ಣಭೂತ ಸಂಭಾವನಾ ರೂಪ ಭೂತಕಾಲದ ಪ್ರಥಮಪುರುಷ ಬಹುವಚನದಿಂದಲೇ ಹುಟ್ಟುತ್ತದೆ: ‘ತೆನೆರ್’ (ಹೊಂದಿರು) ಎಂಬುದರ ಭೂತರೂಪ ‘ತುವಿಯೆರೊನ್’ನ ‘ರೊನ್’ ತೆಗೆದು ‘ರ’ ಇಟ್ಟರೆ ‘ತುವಿಯೆರ’. ‘ಅಬ್ಲಾರ್’ನಂಥ (ಮಾತಾಡು) ಸರಳ ಕ್ರಿಯಾಪದವೊಂದನ್ನೇ ನೋಡಿದರೆ ಈ ಬುಡ ಮರೆಯಾಗುತ್ತದೆ, ‘ತೆನೆರ್’ ಅದನ್ನು ಹೊರಗೆಳೆಯುತ್ತದೆ. ಈ ‘ರ’ ರೂಪದ ಹಿಂದೆ ಲ್ಯಾಟಿನ್ನಿನ ಪೂರ್ಣಭೂತವಿದೆ. (ಹೋಲಿಕೆ ಬುಡದ ಮಟ್ಟಿಗೆ ಮಾತ್ರ. ಸ್ಪ್ಯಾನಿಷ್ ರೂಪ ಹೆಚ್ಚಾಗಿ ಅಧೀನ ವಾಕ್ಯದಲ್ಲಿ ಬರುತ್ತದೆ. ಅದಕ್ಕೆ ನಮ್ಮಲ್ಲಿ ಹತ್ತಿರದ್ದು ‘ಬಂದರೆ’. ಅಲ್ಲಿಯೂ ಭೂತದ ‘ದ’ವೇ ಇದೆ ಎಂಬುದನ್ನು ಗಮನಿಸಬೇಕು.)

‘ಬಂದೀತು’ ಹಳಗನ್ನಡದ ‘ಗುಂ, ಕುಂ’ ರೂಪಗಳ ಸಂತಾನ ಎನ್ನುವವರೊಂದಿಗೂ ನನಗೆ ಜಗಳವಿದೆ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನನ್ನು ಗೌರವದಿಂದ ಓದಿದವರು ಈ ಮಾತು ಆಡಲಾರರು: ಆ ಪ್ರತ್ಯಯಕ್ಕೆ ಪುರುಷ, ಲಿಂಗ, ವಚನಗಳ ಭೇದವಿಲ್ಲ, ಬಂದೇನು, ಬಂದೀಯೆ, ಬಂದಾಳುಗಳಿಗೆ ಇದೆ. ಅದರ ನಿಜವಾದ ಸಂತಾನ ಸಾಗರದ ಹವ್ಯಕರ ಬಾಯಲ್ಲಿದೆ: ‘ಅಕ್ಕು’. ಅಕ್ಕುಂ ಎಂಬುದರ ಕೊನೆಯ ಸೊನ್ನೆಯಷ್ಟೇ ಬಿದ್ದಿದೆ.

ಭೂತದ ಬುಡಕ್ಕೆ ಸಾಗರ ತಾಲೂಕಿನ ಬ್ಯಾಕೋಡಿನ ಕಡೆಯ ಮಾತು ಇನ್ನೊಂದು ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಶರಾವತಿ ಹಿನ್ನೀರು ಅಡ್ಡಬಂದು, 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಆ ಭಾಗದವರು ಸಾಗರಕ್ಕೆ ಹೋಗಲು ಲಾಂಚ್ ಕಾಯುತ್ತಿದ್ದರು. ಹೊಳೆಬಾಗಿಲಿನ ದಡದಲ್ಲಿ ಒಬ್ಬ ತಾಯಿ ಹಿಂದೆ ಬಿದ್ದ ಮಗನನ್ನು ಕೂಗಿದ್ದು ನನಗೆ ನೆನಪಿದೆ: ‘ಬೇಗ ಬಾರಾ, ಲಾಂಚ್ ಹೋದೀತು!’ ಹುಡುಗ ಓಡಿದ. ಹಲಗೆಯ ಮೇಲೆ ಕಾಲಿಡುವಾಗ ಮತ್ತೆ: ‘ಬಿದ್ದೀಯ!’ ಇದರಲ್ಲಿ ಸಂಶಯವೆಲ್ಲಿ? ಇದು ಎಚ್ಚರಿಕೆ. ಲಾಂಚ್ ಹೋಗಿಯಾಯಿತು, ಹುಡುಗ ಬಿದ್ದಾಯಿತು ಎಂಬ ಚಿತ್ರವನ್ನು ತಾಯಿ ಮೊದಲೇ ಕಣ್ಣೆದುರು ತಂದುಕೊಂಡಿದ್ದಾಳೆ. ಭೂತದ ಬುಡ ಇಲ್ಲಿ ಬೇಕಾದದ್ದು ಅದಕ್ಕೇ ಎಂಬುದು ನನ್ನ ವಾದ.

ಪಠ್ಯಪುಸ್ತಕದ ಆ ಪುಟದಲ್ಲಿ ‘ಮಾಡು’ವಿನ ಜಾಗಕ್ಕೆ ‘ಬರು’ ಬರಬೇಕು.