ಬಹಾದುರಿ ವರಹದ ಎರಡು ಮುಖ

ಹಳೆಯ ನಾಣ್ಯ ಕೈಗೆ ಸಿಕ್ಕರೆ ನಮ್ಮಲ್ಲಿ ಮೊದಲು ಕೇಳುವುದು ಅದರ ಬೆಲೆಯನ್ನು. ಅದು ಯಾರದು, ಎಲ್ಲಿ ಅಚ್ಚಾಯಿತು ಎಂದು ವಿಚಾರಿಸುವ ಹೊತ್ತಿಗೆ ಎಷ್ಟೋ ನಾಣ್ಯಗಳು ಅಕ್ಕಸಾಲಿಗರ ಮೂಸೆ ಸೇರಿರುತ್ತವೆ. ತೀರ್ಥಹಳ್ಳಿಯ ಮೇಗರವಳ್ಳಿ, ಅತ್ತ ಹೊಸನಗರ, ಸಾಗರ ಇವೆಲ್ಲ ಕೆಳದಿ ಅರಸರು ಆಳಿದ ಸೀಮೆ. ಅಲ್ಲಿನ ಚರಿತ್ರೆಯ ಒಂದು ಪಾಠ ನಾಣ್ಯಗಳಲ್ಲೇ ಉಳಿದಿದೆ.

ಕೆಳದಿಯವರ ಚಿನ್ನದ ನಾಣ್ಯಕ್ಕೆ ಇಕ್ಕೇರಿ ವರಹವೆಂದು ಹೆಸರು. ತೂಕ ಸುಮಾರು 3.4 ಗ್ರಾಂ. ಮುಂಬದಿಯಲ್ಲಿ ಕುಳಿತ ಶಿವ ಪಾರ್ವತಿಯರು, ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ'. 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯ ಬಿದನೂರನ್ನು ಗೆದ್ದು ಅದನ್ನು ಹೈದರ್‌ನಗರವೆಂದು ಕರೆದ. ಇಂದಿನ ನಗರ ಅದೇ. ಆಮೇಲೆ ಅವನು ಹೊರಡಿಸಿದ ಬಹಾದುರಿ ವರಹದಲ್ಲೂ ಅದೇ ಶಿವ ಪಾರ್ವತಿಯರಿದ್ದಾರೆ. ಬದಲಾದದ್ದು ಹಿಂಬದಿ ಮಾತ್ರ. ಸಣ್ಣ ಚುಕ್ಕಿಗಳ ನಡುವೆ ಅವನ ಹೆಸರಿನ ಮೊದಲ ಪಾರಸಿ ಅಕ್ಷರ 'ಹೇ' ನಿಂತಿದೆ. ಮುಂಬದಿಯನ್ನಷ್ಟೇ ನೋಡಿದವರು ಅದನ್ನು ಕೆಳದಿಯ ನಾಣ್ಯವೆಂದೇ ಬರೆದುಕೊಂಡಾರು.

ರೋಮ್ ಸಾಮ್ರಾಜ್ಯದ ಪೂರ್ವ ಪ್ರಾಂತಗಳಲ್ಲಿಯೂ ಇಂಥದೇ ರೂಢಿಯಿತ್ತು. ಅಲ್ಲಿನ ಊರುಗಳು ಅಚ್ಚುಹಾಕಿದ ಕಂಚಿನ ನಾಣ್ಯಗಳಲ್ಲಿ ಸಾಮಾನ್ಯವಾಗಿ ಒಂದು ಬದಿಗೆ ಚಕ್ರವರ್ತಿಯ ಮುಖ. ಇನ್ನೊಂದು ಬದಿಗೆ ಊರಿನ ದೇವತೆಯೋ ದೇಗುಲವೋ, ಗ್ರೀಕ್ ಅಕ್ಷರಗಳಲ್ಲಿ ಊರಿನವರ ಹೆಸರು. ದೊರೆ ಬದಲಾದರೂ ಸಂತೆಯಲ್ಲಿ ಜನ ನಂಬಿದ ನಾಣ್ಯವೇ ನಡೆಯಬೇಕು.

ಟಿಪ್ಪು ಸುಲ್ತಾನನ ಕಾಲಕ್ಕೆ ವರಹದಿಂದ ದೇವರ ಚಿತ್ರ ಹೋಯಿತು, ಆದರೆ ತಂದೆಯ 'ಹೇ' ಉಳಿಯಿತು. ಅವನ ತಾಮ್ರದ ಕಾಸಿನಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಟಂಕಸಾಲೆಯ ಹೆಸರು. ನಗರದ್ದಾದರೆ 'ನಗರ್' ಎಂದಿರುತ್ತದೆ. 1787ರ ಸುಮಾರಿಗೆ ಅವನು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಉರ್ದು ಬಲ್ಲವರೂ ಇಲ್ಲಿ ಎಡವುತ್ತಾರೆ: 1215 ಅವರ ಕಣ್ಣಿಗೆ 5121 ಆಗುತ್ತದೆ. ಇಂಥ ಗೊಂದಲಗಳನ್ನು ಬಿಡಿಸಲೆಂದೇ ಹೆಂಡರ್‌ಸನ್ 1921ರಲ್ಲಿ ಈ ತಂದೆ ಮಗನ ನಾಣ್ಯಗಳ ಪಟ್ಟಿಯನ್ನು ಪುಸ್ತಕವಾಗಿ ತಂದರು.

ಹೈದರ್, ಟಿಪ್ಪು ಹೆಸರೆತ್ತಿದರೆ ಇಂದು ವೇದಿಕೆಗಳಲ್ಲಿ ಜಗಳ. ಹೊಗಳುವವರಿಗೆ ಶಿವ ಪಾರ್ವತಿಯರ ವರಹ ಸಾಕು, ತೆಗಳುವವರಿಗೆ ಆ ಚಿತ್ರ ಅಳಿದುಹೋದ ವರಹ ಸಾಕು. ನಾಣ್ಯದ ಪಟ್ಟಿ ಬರೆಯುವವನಿಗೆ ಆ ಸವಲತ್ತಿಲ್ಲ. ಅವನು ಲೋಹ, ತೂಕ, ಅಳತೆ, ಎರಡೂ ಬದಿ, ಟಂಕಸಾಲೆ, ವರ್ಷ, ಸಿಕ್ಕ ಜಾಗ ಎಲ್ಲವನ್ನೂ ಬರೆಯಲೇಬೇಕು. ಆದ್ದರಿಂದ ತೋಟ ಅಗೆಯುವಾಗ ನಾಣ್ಯ ಸಿಕ್ಕರೆ ಉಜ್ಜಿ ಹೊಳಪು ಮಾಡಬೇಡಿ, ಸಿಕ್ಕ ಜಾಗವನ್ನು ಬರೆದಿಟ್ಟು ಸರ್ಕಾರಕ್ಕೆ ತಿಳಿಸಿ.